ಹಾಲು ಕರೆದರೆ ದುಡಿಮೆ, ಹಾಲು ಕುಡಿಸಿದರೆ?

2001ರ ಆರಂಭದ ದಿನಗಳು. ಆ ವರ್ಷದ ಫೆಬ್ರುವರಿಯಲ್ಲಿ ನಡೆಯಲಿದ್ದ ಜನಗಣತಿಗಾಗಿ ಮದ್ದೂರು ಭಾಗದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಏರ್ಪಡಿಸಿದ್ದ ತರಬೇತಿಯೊಂದರಲ್ಲಿ ನಾನು ಕೈಪಿಡಿ ಹಿಡಿದು ನಿಂತಿದ್ದೆ. ಯಾರನ್ನು ‘ದುಡಿಯುವವರು’ ಎಂದು ಬರೆಯಬೇಕು, ಯಾರನ್ನು ‘ದುಡಿಯದವರು’ ಎಂದು ಬರೆಯಬೇಕು ಎಂಬುದು ಅಂದಿನ ಪಾಠ. ಆ ಸಲದ ಕೈಪಿಡಿಯಲ್ಲಿ ಒಂದು ಒಳ್ಳೆಯ ಸೂಚನೆಯಿತ್ತು. ಮಾರಾಟಕ್ಕಲ್ಲದೆ ಕೇವಲ ಮನೆಬಳಕೆಗಾಗಿ ಬೇಸಾಯ ಮಾಡುವವರನ್ನೂ, ಹಾಲು ಉತ್ಪಾದಿಸುವವರನ್ನೂ ದುಡಿಯುವವರೆಂದೇ ಪರಿಗಣಿಸಬೇಕು ಎಂದು ಅದು ಹೇಳುತ್ತಿತ್ತು. ಇದು ಮಹಿಳೆಯರ ಶ್ರಮವನ್ನು ಲೆಕ್ಕಕ್ಕೆ ತರುವ ಮಹತ್ವದ ಹೆಜ್ಜೆ ಎಂದು ನಾನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು: ‘ಹಸುವಿನ ಹಾಲು ಕರೆದವಳು ದುಡಿಯುವವಳು, ಸರಿ. ಅದೇ ಹಾಲನ್ನು ಕಾಯಿಸಿ ಆರಿಸಿ ಮಗುವಿಗೆ ಕುಡಿಸಿದವಳನ್ನು ಏನೆಂದು ಬರೆಯೋಣ ಸಾರ್?’

ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕು, ‘ಮನೆವಾರ್ತೆ ಎಂದು ಬರೆಯಿರಿ, ಅವರು ದುಡಿಯದವರ ಪಟ್ಟಿಯಲ್ಲಿ ಬರುತ್ತಾರೆ’ ಎಂದು ಉತ್ತರಿಸಿ ಮುಂದಿನ ಪುಟಕ್ಕೆ ಹೋದೆ. ಕೈಪಿಡಿಯ ಪ್ರಕಾರ ಉತ್ತರ ಸರಿಯಾಗಿಯೇ ಇತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅದರ ಹಿಂದಿನ ತರ್ಕವೂ ಗೊತ್ತಿತ್ತು. ತನ್ನ ಮನೆಗೆಲಸದಾಕೆಯನ್ನೇ ಒಬ್ಬಾತ ಮದುವೆಯಾದರೆ ದೇಶದ ವರಮಾನ ಅಷ್ಟರಮಟ್ಟಿಗೆ ಕುಸಿಯುತ್ತದೆ ಎಂಬ ವಿಚಿತ್ರವನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆ. ಆದರೆ ಆ ಶಿಕ್ಷಕಿಯ ಪ್ರಶ್ನೆ ಕೇವಲ ತರ್ಕದ್ದಲ್ಲ, ಒಂದು ಮಗುವಿನ ಹೊಟ್ಟೆಗೆ ಸಂಬಂಧಿಸಿದ್ದು ಎಂಬುದು ನನಗೆ ಹೊಳೆಯಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಮಳವಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ಪಿಂಚಣಿ ಅದಾಲತ್ತು ನಡೆಯುತ್ತಿತ್ತು. ಹನ್ನೆರಡು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮಹಿಳೆಯೊಬ್ಬರು ಬಂದರು. ಹುಡುಗನಿಗೆ ಮಿದುಳಿನ ಪಾರ್ಶ್ವವಾಯು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅವರ ಹಿಂದೆ ಒಂಬತ್ತರ ಆಸುಪಾಸಿನ ಮಗಳು, ಕೈಯಲ್ಲಿ ಕಾಗದಪತ್ರಗಳ ಚೀಲ. ದಾಖಲೆಗಳೆಲ್ಲ ಸರಿಯಿದ್ದವು. ಅಂಗವಿಕಲ ವೇತನ ಮಂಜೂರು ಮಾಡಿ ಆದೇಶದ ಪ್ರತಿ ಕೊಟ್ಟೆ. ಆಕೆ ಅದನ್ನು ತೆಗೆದುಕೊಂಡು ಹೊರಡಲಿಲ್ಲ. ‘ಇದು ಅವನ್ಗಾಯ್ತು. ಅವನ್ನ ನೋಡ್ಕಳಕ್ಕೆ ನಾನು ಕೂಲಿ ಬುಟ್ಟಿವ್ನಲ್ಲ ಸ್ವಾಮಿ, ಅದು ಯಾವ ಕಾಗ್ದದಲ್ಲಿ ಬತ್ತದೆ?’ ಎಂದು ಕೇಳಿದರು. ಅಂಥ ಕಾಗದ ಇರಲಿಲ್ಲ. ‘ಮಗಳು ಯಾಕೆ ಶಾಲೆಗೆ ಹೋಗಿಲ್ಲ?’ ಎಂದು ನಾನು ಕೇಳಿದೆ. ಆಗಾಗ ನಾಲ್ಕು ದಿನ ಕೂಲಿಗೆ ಹೋಗಲೇಬೇಕಾಗುತ್ತದೆ, ಆಗ ತಮ್ಮ ಬದಲಿಗೆ ಅಣ್ಣನನ್ನು ನೋಡಿಕೊಳ್ಳಲು ಅವಳು ಮನೆಯಲ್ಲಿ ಉಳಿಯುತ್ತಾಳೆ ಎಂಬ ಉತ್ತರ ಬಂತು.

ಆ ಮನೆಯ ಮೂವರೂ ಸರ್ಕಾರದ ಯಾವುದೋ ಒಂದು ಅಂಕಿಅಂಶದಲ್ಲಿ ಇದ್ದರು. ಮಗ ‘ಅಂಗವಿಕಲ ಫಲಾನುಭವಿ’, ಮಗಳು ‘ಶಾಲೆಯಿಂದ ಹೊರಗುಳಿದ ಮಗು’, ತಾಯಿ ‘ದುಡಿಯದವರು’. ಮೂರು ಇಲಾಖೆಗಳ ಮೂರು ವಹಿಗಳು. ಮೂರನ್ನೂ ಹೆಣೆದಿದ್ದ ಸಂಗತಿ ಒಂದೇ: ಆರೈಕೆ. ಅದು ಮಾತ್ರ ಯಾವ ವಹಿಯಲ್ಲೂ ಇರಲಿಲ್ಲ. ಮಕ್ಕಳ ಬಡತನದ ಬಗ್ಗೆ ನಾವು ನಡೆಸುವ ಎಲ್ಲ ಚರ್ಚೆಗಳಲ್ಲೂ ಕಾಣೆಯಾಗಿರುವುದು ಇದೇ ಎಂಬುದು ನನ್ನ ವಾದ. ಆರೈಕೆ ಮಾಡುವವರ ಸಮಯದ ಬಡತನವೂ ಮಕ್ಕಳ ಬಡತನವೂ ಎರಡು ಸಮಸ್ಯೆಗಳಲ್ಲ. ಒಂದೇ ಸಮಸ್ಯೆಯನ್ನು ಎರಡು ಕಡೆಯಿಂದ ನೋಡುತ್ತಿದ್ದೇವೆ, ಅಥವಾ ಎರಡೂ ಕಡೆಯಿಂದ ನೋಡದೆ ಬಿಟ್ಟಿದ್ದೇವೆ.

ಮೊದಲು ಮಕ್ಕಳ ಬಡತನದ ಲೆಕ್ಕ ನೋಡೋಣ. ನಮ್ಮಲ್ಲಿ ಬಡತನವನ್ನು ಅಳೆಯುವ ಘಟಕ ಕುಟುಂಬ. ತೆಂಡೂಲ್ಕರ್ ಸಮಿತಿ 2009ರಲ್ಲಿ ಸೂಚಿಸಿದ ಕ್ರಮದಲ್ಲಾಗಲಿ, ರಂಗರಾಜನ್ ಸಮಿತಿ 2014ರಲ್ಲಿ ಸೂಚಿಸಿದ ಕ್ರಮದಲ್ಲಾಗಲಿ ಕುಟುಂಬದ ಒಟ್ಟು ವೆಚ್ಚವನ್ನು ತಲೆಗಳಿಂದ ಭಾಗಿಸಿ ತಲಾವೆಚ್ಚ ಪಡೆಯಲಾಗುತ್ತದೆ. ತಟ್ಟೆಯಲ್ಲಿ ಅಪ್ಪನಿಗೆ ಬಿದ್ದದ್ದು, ಅಜ್ಜಿಗೆ ಬಿದ್ದದ್ದು, ಎರಡು ವರ್ಷದ ಕೂಸಿಗೆ ಬಿದ್ದದ್ದು ಎಲ್ಲವೂ ಸಮಪಾಲೆಂದು ಈ ಭಾಗಾಕಾರ ಭಾವಿಸುತ್ತದೆ. ಪಡಿತರ ಚೀಟಿಯೂ ಕುಟುಂಬಕ್ಕೆ. ಹೀಗಾಗಿ ಬಿಪಿಎಲ್ ಕುಟುಂಬವಿದೆ, ಬಿಪಿಎಲ್ ಮಗು ಎಂಬುದಿಲ್ಲ. ಬ್ರಿಟನ್ನಿನಲ್ಲಿ ಮಕ್ಕಳ ಬಡತನದ ಅಂಕಿಯನ್ನು ಸರ್ಕಾರವೇ ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ವಸತಿ ವೆಚ್ಚ ಕಳೆದ ಮೇಲೆ ಅಲ್ಲಿ 2023-24ರಲ್ಲಿ ಸುಮಾರು 45 ಲಕ್ಷ ಮಕ್ಕಳು ಬಡತನದಲ್ಲಿದ್ದರು. ಅಂಕಿ ಹೊರಬಿದ್ದ ದಿನ ಪಾರ್ಲಿಮೆಂಟಿನಲ್ಲಿ ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ನಮ್ಮಲ್ಲಿ ಅಂಥ ದಿನವೇ ಇಲ್ಲ.

ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕ ಈ ಕೊರತೆಯನ್ನು ಕೊಂಚ ತುಂಬಿದೆ, ನಿಜ. ಪೌಷ್ಟಿಕತೆ, ಮಕ್ಕಳ ಮರಣ, ಶಾಲಾ ಹಾಜರಾತಿಗಳನ್ನು ಅದು ಪರಿಗಣಿಸುತ್ತದೆ. ಆಯೋಗವು 2023ರಲ್ಲಿ ಪ್ರಕಟಿಸಿದ ವರದಿಯಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರಲ್ಲಿ ಶೇ 12.77 ಇದ್ದುದು 2019-21ರ ವೇಳೆಗೆ ಶೇ 7.58ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಈ ಸೂಚ್ಯಂಕಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನೇ ತೆರೆದು ನೋಡಿ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ರಾಜ್ಯದಲ್ಲಿ ಶೇ 36.2ರಿಂದ ಶೇ 35.4ಕ್ಕೆ ಬಂದಿದೆ, ಅಂದರೆ ನಿಂತಲ್ಲೇ ನಿಂತಿದೆ. ಕಡಿಮೆ ತೂಕದ ಮಕ್ಕಳು ಶೇ 35.2ರಿಂದ ಶೇ 32.9. ರಕ್ತಹೀನತೆಯಿರುವ ಮಕ್ಕಳಂತೂ ಶೇ 60.9ರಿಂದ ಶೇ 65.5ಕ್ಕೆ ಏರಿದ್ದಾರೆ. ಬಡತನ ಇಳಿದ ವೇಗದಲ್ಲಿ ಮಗುವಿನ ಮೈ ತುಂಬಿಲ್ಲ. ಮನೆಗೆ ಅಕ್ಕಿ ಬಂದಿದೆ, ವಿದ್ಯುತ್ ಬಂದಿದೆ, ಬ್ಯಾಂಕ್ ಖಾತೆ ಬಂದಿದೆ. ಮಗುವಿನ ಬಾಯಿಗೆ ಬರಬೇಕಾದ್ದು ಎಲ್ಲಿ ನಿಂತಿದೆ?

ಇದಕ್ಕೆ ಕಾರಣಗಳು ಹಲವು: ನೈರ್ಮಲ್ಯ, ತಾಯಿಯ ಆರೋಗ್ಯ, ಬೇಳೆಕಾಳಿನ ಬೆಲೆ. ಆದರೆ ಸಮಯವೂ ಒಂದು ಕಾರಣವೆಂದು ನಾವು ಒಪ್ಪಿಕೊಳ್ಳುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು-ಮೂರು ಬಾರಿ, ಒಂಬತ್ತು ತಿಂಗಳಿನಿಂದ ಎರಡು ವರ್ಷದವರೆಗೆ ಮೂರು-ನಾಲ್ಕು ಬಾರಿ ಮೆದು ಆಹಾರ ಉಣಿಸಬೇಕು. ಎಳೆಗೂಸಿಗೆ ರಾಗಿಮಣ್ಣಿ ಕುಡಿಸಿದ ಯಾರಿಗಾದರೂ ಗೊತ್ತು, ಒಂದೊಂದು ಬಾರಿಗೂ ಅರ್ಧ ಗಂಟೆಯ ತಾಳ್ಮೆ ಬೇಕು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಹಿಂತಿರುಗುವ ತಾಯಿಗೆ ಆ ನಾಲ್ಕು ಅರ್ಧ ಗಂಟೆಗಳು ಎಲ್ಲಿಂದ ಬರಬೇಕು? ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ದೊರೆಯುವುದು ಮನೆಗೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ. ಪೊಟ್ಟಣ ತಾನೇ ಬೆಂದು, ತಾನೇ ಮಗುವಿನ ಬಾಯಿ ಸೇರುವುದಿಲ್ಲ.

ಮಂಡ್ಯ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಈ ಸಮಯದ ಕೊರತೆ ಮೂರು ರೂಪ ತಾಳಿದೆ. ಮಂಡ್ಯ ತಾಲ್ಲೂಕು ವಿಶ್ವೇಶ್ವರಯ್ಯ ನಾಲೆಯ ನೀರುಂಡ ಸೀಮೆ. ಇಲ್ಲಿ ಭತ್ತದ ನಾಟಿ, ಕಳೆ, ಕಬ್ಬಿನ ರವುದಿ ಸುಲಿಯುವ ಕೆಲಸ ಬಂದಾಗ ಹೆಣ್ಣಾಳುಗಳಿಗೆ ಬಿಡುವಿಲ್ಲ. ಹಂಗಾಮಿನ ಕೆಲಸವು ಮಗುವಿನ ಹಸಿವಿಗಾಗಿ ಕಾಯುವುದಿಲ್ಲ. ಮದ್ದೂರಿನ ಕಡೆ ಸಿದ್ಧ ಉಡುಪು ಕಾರ್ಖಾನೆಗಳು ಬಂದಿವೆ. ಮುಂಜಾನೆ ವ್ಯಾನುಗಳಲ್ಲಿ ತುಂಬಿ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳವಿದೆ, ಭವಿಷ್ಯ ನಿಧಿಯಿದೆ. ಊರಿನಲ್ಲಿ ಉಳಿದ ಮಗು ಅಜ್ಜಿಯ ಪಾಲು. ಮಳವಳ್ಳಿ ತಾಲ್ಲೂಕಿನಲ್ಲಿ ನಾಲೆಯ ಕೊನೆಭಾಗವೂ ಇದೆ, ಹಲಗೂರು ಕಡೆಯ ಮಳೆಯಾಶ್ರಿತ ಭೂಮಿಯೂ ಇದೆ. ಇಲ್ಲಿ ಕೆಲಸ ಅರಸಿ ದಂಪತಿಗಳೇ ಬೆಂಗಳೂರಿನ ಕಟ್ಟಡಗಳ ಕಡೆ ನಡೆಯುತ್ತಾರೆ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ಮಂಡ್ಯ ಜಿಲ್ಲೆಯ ಜನಸಂಖ್ಯೆ 17,63,705ರಿಂದ 18,05,769ಕ್ಕೆ, ಅಂದರೆ ಕೇವಲ 42,064ರಷ್ಟು ಏರಿತು. ದುಡಿಯುವ ವಯಸ್ಸಿನವರು ಹೊರಹೋದದ್ದೂ ಇದಕ್ಕೆ ಒಂದು ಕಾರಣ. ಉಳಿದವರಲ್ಲಿ ಮುದುಕರೂ ಮಕ್ಕಳೂ ಹೆಚ್ಚು, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ಈ ಸೀಮೆಯನ್ನು ಅರ್ಥಶಾಸ್ತ್ರಜ್ಞರು ಕಡೆಗಣಿಸಿದ್ದಾರೆ ಎನ್ನುವಂತಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಸುತ್ತಲಿನ ಎರಡು ಹಳ್ಳಿಗಳಲ್ಲಿ, ನಾಲೆ ನೀರು ಬಂದ ಒಂದು ಊರು ಮತ್ತು ಬಾರದ ಇನ್ನೊಂದು ಊರಿನಲ್ಲಿ, ಮನೆಮನೆಯ ಆದಾಯ ವೆಚ್ಚಗಳನ್ನು ಬರೆದುಕೊಂಡು 1962ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕಪ್ರಸಿದ್ಧ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳನ್ನು 35 ಸೂಚಿಗಳಿಂದ ಅಳೆದು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ತಾಲ್ಲೂಕು ಮಟ್ಟದಲ್ಲಿ ಅಳೆಯುವುದು ಸಾಧ್ಯವಿಲ್ಲವೆಂದು ಇನ್ನು ಯಾರೂ ಹೇಳಲಾರರು. ಜಾನುವಾರು ಗಣತಿಯಲ್ಲಿ ಹಸುವಿನ ತಳಿ, ಪ್ರಾಯ, ಹಾಲು ಕೊಡುತ್ತಿದೆಯೋ ಬತ್ತಿದೆಯೋ ಎಂಬುದನ್ನೂ ಬರೆಯುತ್ತೇವೆ. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಸೇರುವ ಊರೂರಿನ ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಜಿಡ್ಡಿನಂಶ ದಾಖಲಾಗುತ್ತದೆ. ಇದು ತಪ್ಪಲ್ಲ, ರೈತನಿಗೆ ನ್ಯಾಯವಾದ ಬೆಲೆ ಸಿಗುವುದು ಹಾಗೆಯೇ. ಎಣಿಸಿದ್ದಕ್ಕೆ ಬೆಲೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆರೈಕೆಯನ್ನು ಎಣಿಸಲು ಸಾಧ್ಯವೆ? ಸಾಧ್ಯವೆಂದು ಕೇಂದ್ರ ಸರ್ಕಾರವೇ ತೋರಿಸಿದೆ. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದಿದ್ದ ‘ಸಮಯ ಬಳಕೆ ಸಮೀಕ್ಷೆ’ 2019ರಲ್ಲಿ ಮೊದಲ ಬಾರಿಗೆ ಇಡೀ ದೇಶದಲ್ಲಿ ನಡೆಯಿತು, 2024ರಲ್ಲಿ ಮತ್ತೊಮ್ಮೆ. ಎರಡನೆಯ ಸಮೀಕ್ಷೆಯಂತೆ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ; ಪುರುಷರಲ್ಲಿ ಶೇ 21.4. ಹೀಗೆ ತೊಡಗಿದ ಮಹಿಳೆ ದಿನಕ್ಕೆ ವ್ಯಯಿಸುವುದು ಸರಾಸರಿ 140 ನಿಮಿಷ, ಪುರುಷ 74 ನಿಮಿಷ. ಅಡುಗೆ, ನೀರು, ಕಸ, ಮುಸುರೆ ಇದರಲ್ಲಿ ಸೇರಿಲ್ಲ; ಅವುಗಳ ಲೆಕ್ಕ ಬೇರೆ. ದಿನವೂ 140 ನಿಮಿಷವೆಂದಿಟ್ಟುಕೊಂಡು ಎಂಟು ಗಂಟೆಯ ಕೆಲಸದ ದಿನಗಳಾಗಿ ಪರಿವರ್ತಿಸಿದರೆ ವರ್ಷಕ್ಕೆ 106 ದಿನಗಳಾಗುತ್ತವೆ. 2005ರ ಉದ್ಯೋಗ ಖಾತರಿ ಕಾಯ್ದೆ ಒಂದು ಇಡೀ ಕುಟುಂಬಕ್ಕೆ ಭರವಸೆ ಕೊಟ್ಟದ್ದು ವರ್ಷಕ್ಕೆ 100 ದಿನಗಳ ಕೆಲಸ!

ಆ ಕಾಯ್ದೆಯಲ್ಲೇ ಒಂದು ಕುತೂಹಲದ ಅಂಶವಿತ್ತು. ಕಾಮಗಾರಿಯ ಸ್ಥಳಕ್ಕೆ ತಾಯಂದಿರೊಡನೆ ಬರುವ ಎಳೆಯ ಮಕ್ಕಳು ಐವರು ಅಥವಾ ಹೆಚ್ಚಿದ್ದರೆ ಒಬ್ಬ ಮಹಿಳೆಯನ್ನು ಅವರನ್ನು ನೋಡಿಕೊಳ್ಳಲು ನೇಮಿಸಬೇಕು, ಆಕೆಗೂ ಕೂಲಿ ಕೊಡಬೇಕು ಎಂದು ಅದರ ಅನುಸೂಚಿ ಹೇಳಿತ್ತು. ಮರದ ನೆರಳಲ್ಲಿ ಐದು ಮಕ್ಕಳನ್ನು ನೋಡಿಕೊಳ್ಳುವುದು ದುಡಿಮೆ ಎಂದು ದೇಶದ ಸಂಸತ್ತೇ ಒಪ್ಪಿಕೊಂಡಿತ್ತು. ಇದೇ ತತ್ವದ ಮೇಲೆ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಇತ್ತೀಚಿನ ವರ್ಷಗಳ ಯೋಜನೆಗಳಲ್ಲಿ ನಾನು ಬಹಳ ಮೆಚ್ಚಿದ್ದು ಇದನ್ನೇ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಖಾತರಿ ಕಾಯ್ದೆಯ ಸ್ಥಾನಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಹೊಸ ವ್ಯವಸ್ಥೆಯಲ್ಲಿ ಕೂಸು ನೋಡಿಕೊಳ್ಳುವವರ ಕೂಲಿಯ ಬಾಬತ್ತು ಕೈಬಿಟ್ಟುಹೋಗದಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ.

ಇನ್ನು ಆರೈಕೆದಾರರಿಗೆ ಸಿಗುವ ಸೌಲಭ್ಯದ ವಿಚಾರ. ತೀವ್ರ ಬೆಂಬಲದ ಅಗತ್ಯವಿರುವ ಅಂಗವಿಕಲರಿಗೆ ಆರೈಕೆ ಭತ್ಯೆ ನೀಡುವ ಯೋಜನೆ ರೂಪಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಕೇರಳ ಅದಕ್ಕೂ ಮೊದಲೇ ‘ಆಶ್ವಾಸಕಿರಣಂ’ ಯೋಜನೆಯಡಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಒಂದಿಷ್ಟು ಹಣ ಕೊಡಲಾರಂಭಿಸಿತ್ತು. ಕರ್ನಾಟಕ 2024-25ರ ಬಜೆಟ್‌ನಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಮಳವಳ್ಳಿಯ ಆ ತಾಯಿ ಕೇಳಿದ ‘ಕಾಗದ’ ಕೊನೆಗೂ ಹುಟ್ಟಿತು. ಅದನ್ನು ಸ್ವಾಗತಿಸುತ್ತಲೇ ಒಂದು ಸರಳ ಲೆಕ್ಕ ಮಾಡೋಣ. ವರ್ಷಕ್ಕೆ 12,000 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಈ ಭತ್ಯೆ 32 ದಿನಗಳ ಕೂಲಿಗೆ ಸಮ. ಆರೈಕೆ ಮಾತ್ರ 365 ದಿನ.

ಈ ಭತ್ಯೆ ಎಷ್ಟು ಜನರಿಗೆ ಸಲ್ಲಬೇಕು? ಇಲ್ಲಿಯೇ ಅಂಕಿಅಂಶ ಕೈಕೊಡುತ್ತದೆ. ಅಂಗವಿಕಲರ ಕೊನೆಯ ಗಣತಿ ಆದದ್ದು 2011ರಲ್ಲಿ. ರಾಜ್ಯದಲ್ಲಿ ಆಗ ಸುಮಾರು 13.24 ಲಕ್ಷ ಅಂಗವಿಕಲರಿದ್ದರು. ಆದರೆ ಆ ಗಣತಿ ಎಂಟು ವಿಧಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ ಗುರುತಿಸುವುದು 21 ವಿಧಗಳನ್ನು. ಭತ್ಯೆಗೆ ಅರ್ಹವಾದ ಆ ನಾಲ್ಕು ತೊಂದರೆಗಳಿಗೆ ಹಳೆಯ ನಮೂನೆಯಲ್ಲಿ ಪ್ರತ್ಯೇಕ ಕಲಮೇ ಇರಲಿಲ್ಲ. ಹೀಗಾಗಿ ಮಳವಳ್ಳಿ ತಾಲ್ಲೂಕಿನಲ್ಲಿ ಎಷ್ಟು ಅರ್ಹರಿದ್ದಾರೆ ಎಂಬ ಪ್ರಶ್ನೆಗೆ ಜನಗಣತಿಯಲ್ಲಿ ಉತ್ತರವಿಲ್ಲ. ಅರ್ಹರ ಸಂಖ್ಯೆ ತಿಳಿಯದಿದ್ದಾಗ ಆಡಳಿತ ಏನು ಮಾಡುತ್ತದೆ ಎಂಬುದನ್ನು ಒಳಗಿದ್ದು ಕಂಡಿದ್ದೇನೆ. ಅನುದಾನ ಎಷ್ಟಿದೆಯೋ ಅಷ್ಟನ್ನೇ ‘ಗುರಿ’ ಎಂದು ಬರೆಯಲಾಗುತ್ತದೆ. ಕೆಡಿಪಿ ಸಭೆಯಲ್ಲಿ ಗುರಿ, ಸಾಧನೆ, ಶೇಕಡಾವಾರು ಎಂಬ ಮೂರು ಕಲಮುಗಳನ್ನು ಓದಲಾಗುತ್ತದೆ. ಶೇ 98 ಸಾಧನೆಯಾದರೆ ಎಲ್ಲರಿಗೂ ಸಂತೋಷ. ಆ ಗುರಿ ಅಗತ್ಯದ ಎಷ್ಟನೇ ಒಂದು ಪಾಲು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ.

ಅಜ್ಜಿಯರ ಮಾತೂ ಇದೇ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನ ವೃದ್ಧರಿಗೆ ಕೇಂದ್ರದ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. ಇಂದಿಗೂ 200 ರೂಪಾಯಿ. ರಾಜ್ಯವು ತನ್ನ ಪಾಲನ್ನು ಸೇರಿಸಿ ಮೊತ್ತವನ್ನು ಹೆಚ್ಚಿಸಿದೆ ಎಂಬುದಷ್ಟೇ ಸಮಾಧಾನ. ಆ ಹಣದಲ್ಲಿ ಅಜ್ಜಿ ತನ್ನ ಮಾತ್ರೆಯನ್ನೂ ಮೊಮ್ಮಗುವಿನ ಬಿಸ್ಕತ್ತನ್ನೂ ಕೊಳ್ಳುತ್ತಾಳೆ. ಕೋವಿಡ್‌ನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ರಾಜ್ಯವು 2021ರಲ್ಲಿ ‘ಬಾಲ ಸೇವಾ’ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಸಂಕಷ್ಟದಲ್ಲಿರುವ ಮಕ್ಕಳಿಗೆ ಕುಟುಂಬದಲ್ಲೇ ಉಳಿಯಲು ನೆರವಾಗುವ ಪ್ರಾಯೋಜಕತ್ವದ ಮೊತ್ತವನ್ನು 2022ರ ‘ಮಿಷನ್ ವಾತ್ಸಲ್ಯ’ ಮಾರ್ಗಸೂಚಿ ತಿಂಗಳಿಗೆ 4,000 ರೂಪಾಯಿಗೆ ನಿಗದಿ ಮಾಡಿದೆ. ಮಗುವನ್ನು ಪ್ರತ್ಯೇಕ ವ್ಯಕ್ತಿಯೆಂದು ಕಂಡ ಯೋಜನೆಗಳು ಇವು. ಆದರೆ ಇವು ತಲುಪುವುದು ದುರಂತ ಸಂಭವಿಸಿದ ಮೇಲೆ.

ವಿಪರ್ಯಾಸವೆಂದರೆ ನಾನು ಸೇವೆ ಸಲ್ಲಿಸಿದ ವರ್ಗಕ್ಕೆ ಆರೈಕೆಯ ಬೆಲೆ ಚೆನ್ನಾಗಿಯೇ ತಿಳಿದಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಸೇವಾವಧಿಯಲ್ಲಿ 730 ದಿನಗಳ ವೇತನಸಹಿತ ಶಿಶುಪಾಲನಾ ರಜೆ ಇದೆ. ರಾಜ್ಯದ ಮಹಿಳಾ ನೌಕರರಿಗೂ 2021ರಲ್ಲಿ ಆರು ತಿಂಗಳ ರಜೆ ದೊರೆಯಿತು. ಅದು ದೊರೆಯಬೇಕಾದ್ದೇ. ಒಬ್ಬ ಮಹಿಳೆ ಮಗುವನ್ನು ನೋಡಿಕೊಳ್ಳಲು ದುಡಿಮೆ ಬಿಟ್ಟರೆ ಆ ನಷ್ಟವನ್ನು ಸಮಾಜ ಭರಿಸಬೇಕು ಎಂಬ ತತ್ವವನ್ನು ಕಚೇರಿಯೊಳಗೆ ಒಪ್ಪಿಕೊಂಡ ಸರ್ಕಾರ, ಕಚೇರಿಯ ಹೊರಗೆ ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತವಳಿಗೆ ಅದನ್ನು ಹೇಗೆ ನಿರಾಕರಿಸೀತು?

‘ಗೃಹಲಕ್ಷ್ಮಿ ಇದೆಯಲ್ಲ’ ಎಂದು ಕೆಲವರು ಹೇಳಬಹುದು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ತಿಂಗಳಿಗೆ 2,000 ರೂಪಾಯಿಯ ಆ ಯೋಜನೆ ಮಹಿಳೆಯ ಕೈಗೆ ಹಣ ಕೊಟ್ಟಿದೆ, ಆ ಹಣ ಮಕ್ಕಳ ಹೊಟ್ಟೆಗೂ ಪುಸ್ತಕಕ್ಕೂ ಹೋಗಿರುವುದನ್ನು ನಾನು ನನ್ನ ಊರಿನಲ್ಲೇ ಕಂಡಿದ್ದೇನೆ. ಆದರೆ ಅದು ಪಡಿತರ ಚೀಟಿಯಲ್ಲಿರುವ ಯಜಮಾನಿಗೆ ಸಲ್ಲುವ ಹಣ. ಯಜಮಾನಿ ಅತ್ತೆ, ಆರೈಕೆ ಮಾಡುವವಳು ಸೊಸೆ ಆಗಿರಬಹುದು. ಆರೋಗ್ಯವಂತರ ಮನೆಗೂ, ಹಾಸಿಗೆ ಹಿಡಿದ ಮಗುವಿರುವ ಮನೆಗೂ ಮೊತ್ತ ಒಂದೇ. ಇನ್ನು ಕೆಲವರು ‘ತಾಯಿಯ ಮಮತೆಗೆ ಬೆಲೆ ಕಟ್ಟುವುದೆ?’ ಎಂದು ನೊಂದುಕೊಳ್ಳುತ್ತಾರೆ. ಮಮತೆಗೆ ಯಾರೂ ಬೆಲೆ ಕಟ್ಟುತ್ತಿಲ್ಲ. ಕಳೆದುಹೋದ ಕೂಲಿಗೆ ಕಟ್ಟಿ ಎನ್ನುತ್ತಿದ್ದೇವೆ.

ಈ ವಾದ ಹೊಸದೂ ಅಲ್ಲ. ಬ್ರಿಟನ್ 1976ರಲ್ಲಿ ಅಶಕ್ತರ ಆರೈಕೆ ಭತ್ಯೆ ಆರಂಭಿಸಿದಾಗ ವಿವಾಹಿತ ಮಹಿಳೆಯರನ್ನು ಅದರಿಂದ ಹೊರಗಿಟ್ಟಿತ್ತು. ಅವರು ಹೇಗೂ ಮನೆಯಲ್ಲೇ ಇರುವವರು ಎಂಬುದು ಅದರ ಹಿಂದಿನ ಎಣಿಕೆ. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ ಇದನ್ನು ಪ್ರಶ್ನಿಸಿದರು. 1986ರಲ್ಲಿ ಐರೋಪ್ಯ ನ್ಯಾಯಾಲಯ ಈ ತಾರತಮ್ಯ ಸಲ್ಲದೆಂದು ತೀರ್ಪಿತ್ತಿತು. ಇಂದು ಅಲ್ಲಿ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ ಭತ್ಯೆ ಸಿಗುತ್ತದೆ. 2025-26ರಲ್ಲಿ ಅದು ವಾರಕ್ಕೆ 83.30 ಪೌಂಡ್. ಅಲ್ಲಿಯೂ ಎಲ್ಲವೂ ಸರಿಯಿಲ್ಲ. ಆದಾಯದ ಮಿತಿಯನ್ನು ಸ್ವಲ್ಪವೇ ಮೀರಿದ ಆರೈಕೆದಾರರಿಂದ ಸಾವಿರಾರು ಪೌಂಡುಗಳನ್ನು ವಾಪಸು ಕೇಳಿದ್ದು 2024ರಲ್ಲಿ ದೊಡ್ಡ ವಿವಾದವಾಗಿ ಸರ್ಕಾರ ಸ್ವತಂತ್ರ ಪರಿಶೀಲನೆಗೆ ಆದೇಶಿಸಬೇಕಾಯಿತು. ಆದರೆ ಎಷ್ಟು ಮಂದಿಗೆ ಅನ್ಯಾಯವಾಯಿತು ಎಂಬ ಪ್ರಶ್ನೆ ಅಲ್ಲಿ ಎದ್ದದ್ದು ಆರೈಕೆದಾರರ ಪಟ್ಟಿಯೊಂದು ಇದ್ದುದರಿಂದ. ಪಟ್ಟಿಯೇ ಇಲ್ಲದೆಡೆ ಅನ್ಯಾಯಕ್ಕೆ ಸಂಖ್ಯೆಯೂ ಇರುವುದಿಲ್ಲ.

ನಮ್ಮ ನ್ಯಾಯಾಲಯಗಳೂ ಸುಮ್ಮನಿಲ್ಲ. ಮನೆವಾರ್ತೆಯ ಮಹಿಳೆಯರನ್ನು ಭಿಕ್ಷುಕರು, ಕೈದಿಗಳ ಜೊತೆ ‘ದುಡಿಯದವರು’ ಎಂದು ಜನಗಣತಿ ವರ್ಗೀಕರಿಸುವುದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಕಟುವಾಗಿ ಟೀಕಿಸಿತು. 2021ರ ಇನ್ನೊಂದು ತೀರ್ಪಿನಲ್ಲಿ, 2011ರ ಜನಗಣತಿಯಂತೆ ಸುಮಾರು 15.98 ಕೋಟಿ ಮಹಿಳೆಯರು ಮನೆಗೆಲಸವೇ ತಮ್ಮ ಮುಖ್ಯ ಕಸುಬೆಂದು ಹೇಳಿಕೊಂಡಿರುವುದನ್ನು, ಪುರುಷರಲ್ಲಿ ಹಾಗೆ ಹೇಳಿದವರು ಕೇವಲ 57.9 ಲಕ್ಷವೆಂಬುದನ್ನು ನೆನಪಿಸಿತು. ಆದರೆ ಈ ಶ್ರಮಕ್ಕೆ ಬೆಲೆ ಸಿಗುವುದು ಆಕೆ ರಸ್ತೆ ಅಪಘಾತದಲ್ಲಿ ಸತ್ತ ಮೇಲೆ, ವಿಮಾ ಕಂಪನಿಯಿಂದ! ಬದುಕಿರುವಾಗ ಏನು?

ನಾನು ಕೇಳುವುದು ದೊಡ್ಡ ಸಂಗತಿಗಳನ್ನಲ್ಲ. ಮೊದಲನೆಯದು ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಗಣತಿಗೆ ಈಗ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ನಿಗದಿಯಾಗಿದೆ. ಅಂಗವೈಕಲ್ಯದ ಪ್ರಶ್ನೆಯ ಬೆನ್ನಿಗೆ ‘ಈ ವ್ಯಕ್ತಿಯನ್ನು ನಿತ್ಯ ನೋಡಿಕೊಳ್ಳುವವರು ಯಾರು?’ ಎಂಬ ಒಂದೇ ಒಂದು ಪ್ರಶ್ನೆ ಸೇರಿದರೆ ದೇಶಕ್ಕೆ ಮೊದಲ ಬಾರಿಗೆ ಆರೈಕೆದಾರರ ಸಂಖ್ಯೆ ತಿಳಿಯುತ್ತದೆ. ಅದು ಆಗದಿದ್ದರೂ ರಾಜ್ಯದ ಕೈಯಲ್ಲಿ ದಾರಿಯಿದೆ. ಪ್ರತಿ ಅಂಗವಿಕಲ ವೇತನದ ಕಡತದಲ್ಲಿ ಆರೈಕೆದಾರರ ಹೆಸರನ್ನೂ, ಅವರ ಮನೆಯಲ್ಲಿ 14 ವರ್ಷದೊಳಗಿನ ಮಕ್ಕಳೆಷ್ಟು, ಶಾಲೆಗೆ ಹೋಗುತ್ತಿರುವವರೆಷ್ಟು ಎಂಬುದನ್ನೂ ಬರೆಯಲು ಹೊಸ ಕಾನೂನು ಬೇಕಿಲ್ಲ. ಒಂದು ಸುತ್ತೋಲೆ ಸಾಕು.

ಎರಡನೆಯದು, ಜಿಲ್ಲಾ ಅಂಕಿಅಂಶಗಳ ನೋಟದಲ್ಲಿ ಮಳೆ, ಬೆಳೆ, ಜಾನುವಾರುಗಳ ಕೋಷ್ಟಕಗಳ ಜೊತೆಗೆ ತಾಲ್ಲೂಕುವಾರು ಇನ್ನೊಂದು ಕೋಷ್ಟಕ ಸೇರಲಿ: ಆರೈಕೆ ಭತ್ಯೆಗೆ ಅರ್ಜಿ ಹಾಕಿದವರೆಷ್ಟು, ಪಡೆದವರೆಷ್ಟು, ತಿರಸ್ಕೃತರೆಷ್ಟು ಮತ್ತು ಯಾಕೆ, ಮೂರು ವರ್ಷದೊಳಗಿನ ಮಕ್ಕಳೆಷ್ಟು, ಅವರಲ್ಲಿ ಕೂಸಿನ ಮನೆ ಅಥವಾ ಕಾರ್ಖಾನೆಯ ಶಿಶುವಿಹಾರ ಸಿಕ್ಕವರೆಷ್ಟು. 1948ರ ಕಾರ್ಖಾನೆ ಕಾಯ್ದೆಯಿಂದ ಹಿಡಿದು 2020ರ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ಶಿಶುವಿಹಾರದ ನಿಯಮವಿದೆ. ಅಲ್ಲಿ ಮಲಗಿರುವ ಮಕ್ಕಳ ಸಂಖ್ಯೆಯೂ ಪ್ರಕಟವಾಗಲಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಶಾಸಕರಿಗೂ ಅಧಿಕಾರಿಗಳಿಗೂ ಉತ್ತರ ಹೇಳಬೇಕಾದ ಒಂದು ದಿನ ಹುಟ್ಟುತ್ತದೆ.

ಮೂರನೆಯದು, ಭತ್ಯೆಯ ಮೊತ್ತವನ್ನು ಪ್ರತಿ ಬಜೆಟ್ಟಿನ ಔದಾರ್ಯಕ್ಕೆ ಬಿಡದೆ ಕೂಲಿ ದರಕ್ಕೆ ಜೋಡಿಸಬೇಕು. ತಿಂಗಳಿಗೆ ಕನಿಷ್ಠ ಎಂಟು ದಿನದ ಖಾತರಿ ಕೂಲಿ ಎಂದು ನಿಗದಿ ಮಾಡಿದರೂ 2025-26ರ ದರದಲ್ಲಿ 2,960 ರೂಪಾಯಿ ಆಗುತ್ತಿತ್ತು. ಇದಕ್ಕೆ ಹಣ ಎಲ್ಲಿಂದ ಎಂದು ಕೇಳುವುದು ಸರಿಯಾದ ಪ್ರಶ್ನೆ. ಆದರೆ ಅರ್ಹರೆಷ್ಟೆಂದು ಎಣಿಸದೆ ‘ಹೊರೆ ಹೆಚ್ಚು’ ಎನ್ನುವುದು ಲೆಕ್ಕವಲ್ಲ, ನೆಪ. ಎಣಿಸಿದ ಮೇಲೆ ಹೊರೆ ನಾವು ಹೆದರಿದ್ದಕ್ಕಿಂತ ಕಡಿಮೆಯೆಂದು ತಿಳಿಯಬಹುದು, ಹೆಚ್ಚೆಂದೂ ತಿಳಿಯಬಹುದು. ಹೆಚ್ಚಾಗಿದ್ದರೆ ಆ ಹೊರೆಯನ್ನು ಇಷ್ಟು ದಿನ ಯಾರು ಹೊತ್ತಿದ್ದರು ಎಂಬುದೂ ತಿಳಿಯುತ್ತದೆ.

ಮಳವಳ್ಳಿಯ ಆ ಹುಡುಗಿ ಈಗ ಬದುಕಿದ್ದರೆ ಮೂವತ್ತರ ಆಸುಪಾಸಿನಲ್ಲಿರಬೇಕು. ಅವಳು ಮತ್ತೆ ಶಾಲೆಗೆ ಹೋದಳೋ ಇಲ್ಲವೋ ನನಗೆ ತಿಳಿಯದು. ಅವಳ ಅಣ್ಣನ ಕಡತ ಮಾತ್ರ ನನ್ನ ಮೇಜಿಗೆ ಬಂದಿತ್ತು, ಅವಳದೆಂಬ ಕಡತ ಇರಲಿಲ್ಲ. ಮುಂದಿನ ಜನಗಣತಿಗೂ ಊರೂರಿನ ಶಿಕ್ಷಕರು ತರಬೇತಿಗೆ ಕೂರುತ್ತಾರೆ. ಅವರಲ್ಲಿ ಯಾರಾದರೂ ಎದ್ದು ನಿಂತು, ಮಗುವಿಗೆ ಹಾಲು ಕುಡಿಸುವವಳನ್ನು ಏನೆಂದು ಬರೆಯೋಣ ಎಂದು ಮತ್ತೆ ಕೇಳಬಹುದು. ಅಂದು ವೇದಿಕೆಯ ಮೇಲಿರುವ ಅಧಿಕಾರಿಗೆ ನಾನು ಕೊಟ್ಟ ಉತ್ತರಕ್ಕಿಂತ ಒಳ್ಳೆಯ ಉತ್ತರವೊಂದು ಕೈಪಿಡಿಯಲ್ಲೇ ಸಿಗುವಂತಾಗಲಿ.